ಪ್ರತಿ: ಅಜ್ಜಿ ಹಪ್ಪಳ ಎಲ್ಲಿ ಹುಡುಕ್ತಾರೆ?

ಅಜ್ಜಿ ಅಟ್ಟದಲ್ಲಿಟ್ಟ ಹಲಸಿನ ಹಪ್ಪಳದ ಡಬ್ಬಿಯನ್ನು ಅವರಿಲ್ಲದಾಗ ಕಪಾಟಿಗೆ ಸಾಗಿಸಿ, 'ಅಜ್ಜಿ ಎಲ್ಲಿ ಹುಡುಕ್ತಾರೆ' ಅಂದರೆ ಮೂರೂವರೆ ವರ್ಷದ ಮಗಳು ಕಪಾಟನ್ನೇ ತೋರಿಸ್ತಾಳೆ, ಮನೆಯಲ್ಲಿ ಕನ್ನಡ, ಅಂಗನವಾಡಿಯಲ್ಲಿ ಮಲಯಾಳ ಆಗಿ ಗೊಂದಲವಾಯಿತಾ ಅಂತ ಕೇಳಿದ್ದೀರಿ. ಇಲ್ಲ ಮಾರಾಯ್ರೆ, ಭಾಷೆಯನ್ನು ಸುಮ್ನೆ ದೂರಬೇಡಿ. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಎಂಬ ಮನಶ್ಶಾಸ್ತ್ರಜ್ಞರು, ಹುಡುಗನಿಲ್ಲದಾಗ ಅವನ ಚಾಕಲೇಟಿನ ಜಾಗ ಬದಲಾಗುವ ಕಥೆ ಹೇಳಿ ಇದನ್ನೇ ಕೇಳಿದಾಗಲೂ ಸಣ್ಣ ಮಕ್ಕಳು ಹೀಗೇ ತಪ್ಪಿದ್ದರು. ತನಗೆ ಗೊತ್ತಿರುವುದನ್ನು ಬದಿಗಿಡಲು ಮನಸ್ಸಿನ ಹತೋಟಿ ಬೇಕು. ಆದರೆ ಅದೊಂದೇ ಸಾಲದು: 2006ರ ಒಂದು ಅಧ್ಯಯನದಲ್ಲಿ ಬೀಜಿಂಗ್‌ನ ಮಕ್ಕಳು ಹತೋಟಿಯಲ್ಲಿ ಅಮೆರಿಕದ ಮಕ್ಕಳಿಗಿಂತ ಮುಂದಿದ್ದರೂ ಇಂಥ ಪ್ರಶ್ನೆಗಳಲ್ಲಿ ಮುಂದಿರಲಿಲ್ಲ. 'ಅಜ್ಜಿ ಹೀಗೆ ಅಂದ್ಕೊಂಡಿದ್ರು' ಅನ್ನುವಂಥ ಮಾತು ಮನೆಯಲ್ಲಿ ಜಾಸ್ತಿ ಆಡಿ. ನಮ್ಮ ಬದಿಯಡ್ಕದ ಮನೆಯಲ್ಲಿ ಮಗ ನಾಲ್ಕೂವರೆ ತುಂಬಿದ ಮೇಲೆ, ಬಾಯಿಗೆ ಕೈ ಅಡ್ಡ ಹಿಡಿದು, 'ಅಜ್ಜಿಗೆ ಗೊತ್ತಿಲ್ಲ, ಹೇಳ್ಬೇಡ' ಅಂದಿದ್ದ, ಅದೂ ಅಜ್ಜಿಯ ಎದುರಲ್ಲೇ.