ಚೆಲ್ಟನ್‌ಹ್ಯಾಮ್‌ಗೆ ಹೊರಟು ನಿಂತಿರುವ ನಿಮಗೆ

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಮಗುವನ್ನೂ ಕರೆತರಬೇಕು, ಆದರೆ ಅದು ಹಳೆಯ ಸಿರಿವಂತರ ಊರಂತೆ, ನಮ್ಮಂಥವರಿಗೆ ಒಗ್ಗುತ್ತದೆಯೇ ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳಿಂದ ಇಲ್ಲಿದ್ದೇನೆ. ಧೈರ್ಯವಾಗಿ ಬನ್ನಿ. ಈ ಊರನ್ನು ಬೆಳೆಸಿದ್ದೇ ಹೊರಗಿನಿಂದ ಬಂದವರು.

1716ರಲ್ಲಿ ಇಲ್ಲಿನ ಹೊಲವೊಂದರಲ್ಲಿ ಉಪ್ಪುನೀರಿನ ಒರತೆ ಕಣ್ಣಿಗೆ ಬಿತ್ತು. ಪಾರಿವಾಳಗಳು ಅಲ್ಲಿ ಉಪ್ಪಿನ ಹರಳು ಹೆಕ್ಕುತ್ತಿದ್ದವು ಎಂಬುದು ಐತಿಹ್ಯ. ಊರಿನ ಲಾಂಛನದಲ್ಲಿ ಇಂದಿಗೂ ಪಾರಿವಾಳವಿದೆ. 1738ರಿಂದ ಆ ಬಾವಿಯನ್ನು ಊರ್ಜಿತಗೊಳಿಸಿ, ದಾರಿಗೆ ಸಾಲುಮರ ನೆಡಿಸಿದ ಹೆನ್ರಿ ಸ್ಕಿಲಿಕಾರ್ನ್ ಐಲ್ ಆಫ್ ಮ್ಯಾನ್ ದ್ವೀಪದ ಹಡಗಿನ ಕಪ್ತಾನ. ಆ ನೀರು ಕಾಯಿಲೆಗೆ ಮದ್ದು ಎಂಬ ನಂಬಿಕೆಯಿತ್ತು. 1788ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಅದನ್ನು ಕುಡಿಯಲು ಬಂದು ಐದು ವಾರ ಉಳಿದ ಮೇಲೆ ಊರಿನ ದೆಸೆಯೇ ತಿರುಗಿತು. 1801ರಲ್ಲಿ ಸುಮಾರು 3,000 ಇದ್ದ ಜನಸಂಖ್ಯೆ 1851ಕ್ಕೆ 35,000 ಆಯಿತು.

ಹಾಗೆ ಬಂದವರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿವೃತ್ತ ಅಧಿಕಾರಿಗಳು ಬಹಳ. ನಮ್ಮ ಬಿಸಿಲಿನಲ್ಲಿ ಕೆಟ್ಟ ಹೊಟ್ಟೆಯನ್ನು ಇಲ್ಲಿನ ನೀರಿನಿಂದ ಸರಿಪಡಿಸಿಕೊಳ್ಳುವ ಆಸೆ ಅವರದು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ, ಡ್ಯೂಕ್ ಆಫ್ ವೆಲಿಂಗ್ಟನ್ ಆದ ಮೇಲೆ 1816ರಲ್ಲಿ ಇಲ್ಲಿಗೆ ಬಂದಿದ್ದ. ಕಬ್ಬಿಣದ ಕುಸುರಿಯ ಬಾಲ್ಕನಿಗಳಿರುವ ಬಿಳಿ ಮನೆಗಳ ಸಾಲಿನಲ್ಲಿ ನಡೆಯುವಾಗ, ಇಲ್ಲಿ ನಮ್ಮ ರೈತರು ತೆತ್ತ ಕಂದಾಯದ ಹಣವೂ ಇದೆ ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಹಾಗಾಗಿ ಈ ಬೀದಿಗಳಲ್ಲಿ ಸಂಕೋಚಪಡಲು ಕಾರಣವೇ ಇಲ್ಲ.

ಬಂದ ಮೊದಲ ಭಾನುವಾರವೇ ಪಿಟ್‌ವಿಲ್ ಪಂಪ್ ರೂಮ್ ನೋಡಿ, ಇಂಥ ಒರತೆಯ ನೀರನ್ನು ಕುಡಿಯಲೆಂದೇ ಕಟ್ಟಿದ ಭವನ ಅದು. ಜೋಸೆಫ್ ಪಿಟ್ ಎಂಬ ವಕೀಲ ಅದರ ಸುತ್ತ ಒಂದು ಹೊಸ ಪಟ್ಟಣವನ್ನೇ ಕಟ್ಟಲು ಹೊರಟಿದ್ದ. 1830ರಲ್ಲಿ ಕಟ್ಟಡ ತೆರೆಯುವ ಹೊತ್ತಿಗೆ ನೀರು ಕುಡಿಯುವ ಗೀಳು ಇಳಿಯತೊಡಗಿತ್ತು. ನಿವೇಶನಗಳು ಮಾರಾಟವಾಗದೆ ಆತ ಸಾಲದಲ್ಲೇ ಸತ್ತ. ಗ್ರೀಕ್ ಮಾದರಿಯ ಕಂಬಗಳು, ಮೇಲೆ ಗುಮ್ಮಟ, ಮುಂದೆ ಕೆರೆಯವರೆಗೂ ಇಳಿಯುವ ಹುಲ್ಲುಹಾಸು. ಹೊಸತರಲ್ಲಿ ಅಲ್ಲಿನ ನೀರನ್ನು ಒಂದು ಲೋಟ ಕುಡಿದಿದ್ದೆ. ಮೊದಲು ಉಪ್ಪು, ಆಮೇಲೆ ನಾಲಿಗೆಯ ಬುಡದಲ್ಲಿ ಕಹಿ, ಬೇಸಿಗೆಯ ಕೊಳವೆಬಾವಿಯ ನೀರಿನಂತೆ. ಹಿಂದಿನವರು ಇದನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದು, ಭೇದಿಯಾಗಲೆಂದು ವಾದ್ಯ ಸಂಗೀತ ಕೇಳುತ್ತ ಅಡ್ಡಾಡುತ್ತಿದ್ದರು.

ಮನೆಯ ವಿಷಯ. ಮಾರ್ಚ್‌ನ ಕುದುರೆ ಪಂದ್ಯದ ವಾರದಲ್ಲಿ ಹುಡುಕಲು ಬರಬೇಡಿ, ಹೋಟೆಲ್ ದರ ಕೈಗೆಟುಕುವುದಿಲ್ಲ. ಹಳೆಯ ಬಿಳಿ ಮನೆಗಳ ನೆಲಮಾಳಿಗೆ ಅಗ್ಗಕ್ಕೆ ಸಿಕ್ಕರೆ ತಕ್ಷಣ ಒಪ್ಪಬೇಡಿ. ನಾವು ಒಂದು ಚಳಿಗಾಲ ಅಂಥದರಲ್ಲಿ ಕಳೆದೆವು. ಮಗಳ ಕೆಮ್ಮು ಏಪ್ರಿಲ್‌ವರೆಗೂ ನಿಲ್ಲಲಿಲ್ಲ. ಬೀರುವನ್ನು ಸರಿಸಿ, ಹಿಂದಿನ ಗೋಡೆಗೆ ಅಂಗೈ ಒತ್ತಿ ತೇವವಿದೆಯೇ ನೋಡಿ, ಆಮೇಲೆ ಕರಾರಿಗೆ ಸಹಿ ಹಾಕಿ.