ಇಟಗಿ ಶಿಖರ ಹಿಂದಕ್ಕೆ ವಾಲುತ್ತದೆ, ಯಾವ ಲೆನ್ಸ್ ತಗೊಳ್ಳಲಿ?

ಪ್ರಶ್ನೆ: ಸರ್, ನಮ್ಮದು ಕೊಪ್ಪಳ. ಇಟಗಿ ಮಹಾದೇವ ಗುಡಿಯ ಫೋಟೊ ತೆಗೆದಾಗೆಲ್ಲ ಶಿಖರ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ. ಟಿಲ್ಟ್-ಶಿಫ್ಟ್ ಲೆನ್ಸ್ ತಗೋ ಅಂತಾರೆ ಗೆಳೆಯರು. ಅಂಜನಾದ್ರಿ ಮೇಲಿಂದ ಭತ್ತದ ಗದ್ದೆ ಆಟಿಕೆ ತರ ಕಾಣೋ ಫೋಟೊನೂ ಅದರಲ್ಲೇ ಬರುತ್ತಂತೆ. ರೇಟು ಜಾಸ್ತಿ. ಲೆನ್ಸ್‌ಬೇಬಿ ತಗೊಂಡರೆ ಎರಡೂ ಆಗುತ್ತಾ?

ಉತ್ತರ: ಆಗುವುದಿಲ್ಲ. ಲೆನ್ಸ್‌ಬೇಬಿ ಅನ್ನೋದು ಕೈಯಲ್ಲಿ ಬಾಗಿಸುವ ಲೆನ್ಸ್. ಅದು ಓರೆಯಾಗುತ್ತದೆ (ಟಿಲ್ಟ್) ಅಷ್ಟೆ, ಮೇಲಕ್ಕೆ ಸರಿಯುವುದಿಲ್ಲ. ನಿಮ್ಮ ಗುಡಿಗೆ ಬೇಕಿರುವುದು ಸರಿಯುವುದು, ಅಂದರೆ ಶಿಫ್ಟ್.

ಶಿಖರ ವಾಲುವುದು ನೀವು ಕ್ಯಾಮೆರಾ ಮೇಲಕ್ಕೆತ್ತುವುದರಿಂದ. ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ, ಗೋಡೆಗೆ ಸಮನಾಗಿ ನೆಟ್ಟಗಿದ್ದರೆ ಕಂಬಗಳೂ ನೆಟ್ಟಗೇ ಬರುತ್ತವೆ, ಆದರೆ ಆಗ ಮೇಲ್ಭಾಗ ಫ್ರೇಮಿನಿಂದ ಆಚೆ ಹೋಗುತ್ತದೆ, ಕೆಳಗೆ ಬರೀ ನೆಲ ತುಂಬಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ. ಫುಲ್‌ಫ್ರೇಮ್ ಕ್ಯಾಮೆರಾ (ಸೆನ್ಸರ್ ಎತ್ತರ 24 ಎಂಎಂ) ಅಡ್ಡ ಹಿಡಿದು, 24 ಎಂಎಂ ಲೆನ್ಸಿನಲ್ಲಿ, ಗೋಡೆಯಿಂದ 10 ಮೀಟರ್ ದೂರ ನಿಂತರೆ ಕ್ಯಾಮೆರಾ ಮಟ್ಟದಿಂದ ಮೇಲೆ 5 ಮೀಟರ್ ಮಾತ್ರ ಸಿಗುತ್ತದೆ. ಲೆನ್ಸನ್ನು 12 ಎಂಎಂ ಮೇಲಕ್ಕೆ ಸರಿಸಿದರೆ ಅದೇ ಜಾಗದಿಂದ 10 ಮೀಟರ್ ಸಿಗುತ್ತದೆ, ಕ್ಯಾಮೆರಾ ಒಂಚೂರೂ ಎತ್ತದೆ. ಕ್ಯಾನನ್‌ನ ಟಿಎಸ್-ಇ 24ರ ಎರಡನೇ ಆವೃತ್ತಿ ಇಷ್ಟು ಸರಿಯುತ್ತದೆ. ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು.

1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು, ಶಾಸನವೇ ‘ದೇವಾಲಯ ಚಕ್ರವರ್ತಿ’ ಅಂತ ಹೊಗಳಿದೆ. ಅದನ್ನು ವಾಲಿಸಿ ತೋರಿಸಬಾರದು ಅನ್ನೋ ನಿಮ್ಮ ಕಾಳಜಿ ನನಗೆ ತುಂಬಾ ಹಿಡಿಸಿತು. ಆದರೆ ಈಗಲೇ ದುಡ್ಡು ಸುರಿಯಬೇಡಿ. 24 ಎಂಎಂಗಿಂತ ಇನ್ನೂ ಅಗಲ ನೋಟದ ಮಾಮೂಲಿ ಲೆನ್ಸ್ ಹಾಕಿ, ಗ್ರಿಡ್ ಗೆರೆ ಆನ್ ಮಾಡಿ, ಕ್ಯಾಮೆರಾ ನೆಟ್ಟಗಿಟ್ಟು ತೆಗೆಯಿರಿ. ಆಮೇಲೆ ಕೆಳಗಿನ ನೆಲ ಕತ್ತರಿಸಿ. ಶಿಫ್ಟ್ ಮಾಡಿದಾಗ ಬರುವ ಆಕಾರವೇ ಬರುತ್ತದೆ, ಪಿಕ್ಸೆಲ್ ಒಂದಿಷ್ಟು ಕಳೆದುಕೊಳ್ಳುತ್ತೀರಿ ಅಷ್ಟೆ. ದೊಡ್ಡ ಪ್ರಿಂಟ್ ಹಾಕಿಸದಿದ್ದರೆ ಇದೇ ಸಾಕು.

ಇನ್ನು ಟಿಲ್ಟ್. ಇದು ಫೋಕಸ್ ಆಗುವ ಸಮತಲವನ್ನೇ ಓರೆ ಮಾಡುತ್ತದೆ. ನಿಮ್ಮ ಕಾಲ ಬಳಿಯ ಕಲ್ಲುಹಾಸಿನಿಂದ ಗುಡಿ ಬುಡದವರೆಗೆ ನೆಲವೆಲ್ಲ ಶಾರ್ಪ್ ಬೇಕಾ? ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 24 ಎಂಎಂಗೆ ಸುಮಾರು ಒಂದು ಡಿಗ್ರಿ ಕೆಳಕ್ಕೆ ಓರೆ ಮಾಡಿದರೆ ಸಾಕು. ಎಲ್ಲರೂ ಸುಮ್ನೆ ಐದಾರು ಡಿಗ್ರಿ ತಿರುಗಿಸಿ, ಆಮೇಲೆ ಲೆನ್ಸ್ ಸರಿಯಿಲ್ಲ ಅಂತಾರೆ. ಒಂದು ಎಚ್ಚರ: ನೆಲ ಶಾರ್ಪ್ ಆದಾಗ ಶಿಖರದ ತುದಿ ಮಸುಕಾಗಬಹುದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ, ಪರದೆ ಮೇಲೆ ದೊಡ್ಡದು ಮಾಡಿ ನೋಡಿಕೊಳ್ಳಿ.

ಗದ್ದೆ ಆಟಿಕೆ ತರ ಕಾಣಬೇಕಾದರೆ ಇದೇ ಟಿಲ್ಟನ್ನು ಉಲ್ಟಾ, ಮೇಲಕ್ಕೆ, ಜಾಸ್ತಿ ಮಾಡಿ, ಅಪರ್ಚರ್ ಪೂರ್ತಿ ತೆರೆಯಬೇಕು. ಒಂದು ಪಟ್ಟಿ ಮಾತ್ರ ಶಾರ್ಪ್ ಉಳಿಯುತ್ತದೆ. ಅಷ್ಟು ಕಡಿಮೆ ಜಾಗ ಫೋಕಸ್‌ನಲ್ಲಿದ್ದರೆ ಅದು ತೀರಾ ಹತ್ತಿರದ ಸಣ್ಣ ವಸ್ತು ಅಂತ ಕಣ್ಣು ನಂಬುತ್ತದೆ. ಎತ್ತರದಿಂದ ಕೆಳಕ್ಕೆ ನೋಡುವ ಕೋನ ಇರಬೇಕು, ಅದಕ್ಕೇ ಅಂಜನಾದ್ರಿ ಒಳ್ಳೆ ಆಯ್ಕೆ. ಟ್ರ್ಯಾಕ್ಟರೋ ನಾಟಿ ಮಾಡುವ ಹೆಂಗಸರೋ ಆ ಪಟ್ಟಿಯೊಳಗೆ ಬರಲಿ. ಇದಕ್ಕೆ 24 ಎಂಎಂ ಅಗಲ ಜಾಸ್ತಿಯಾಯಿತು, 90 ಎಂಎಂ ಚೆನ್ನ. ಫೋನ್ ಆಪ್‌ನಲ್ಲೂ ಇದು ಬರುತ್ತದೆ.

ಲೆನ್ಸ್‌ಬೇಬಿಯ ಸ್ವೀಟ್ ಆಪ್ಟಿಕ್ (ಅದರೊಳಗೆ ಕೂರಿಸುವ ಒಂದು ಬಗೆಯ ಗಾಜಿನ ಭಾಗ) ಕೊಡುವುದು ಪಟ್ಟಿಯಲ್ಲ, ಒಂದು ವೃತ್ತ. ಸುತ್ತಲಿನದೆಲ್ಲ ಎಳೆದಂತೆ ಕರಗುತ್ತದೆ. ಇಟಗಿಯ ಕಡೆದ ಕಂಬದ ಒಂದು ಬಳೆ, ಬಾಗಿಲವಾಡದ ಒಂದು ಬಳ್ಳಿ, ಇಂಥದ್ದಕ್ಕೆ ನನಗಂತೂ ಬಹಳ ಇಷ್ಟ. ಇಡೀ ಗುಡಿಗೆ ಬೇಡ.

ಮೊದಲು ಕತ್ತರಿಸುವ ದಾರಿ ಹಿಡಿಯಿರಿ. ತೃಪ್ತಿಯಾಗದಿದ್ದರೆ 24 ಟಿಲ್ಟ್-ಶಿಫ್ಟ್ ಬಾಡಿಗೆಗೆ ತನ್ನಿ. ಟ್ರೈಪಾಡ್ ಒಯ್ಯುವ ಮುಂಚೆ ಪುರಾತತ್ವ ಇಲಾಖೆಯವರ ಅನುಮತಿ ಕೇಳಿಕೊಳ್ಳಿ.