ಬಾಲದ 'ಏನು', ತಲೆಯ 'ಏನು'

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು ಗದಗಿನ ಸೀರೆ ಅಂಗಡಿಯವರು, ವಯಸ್ಸು ಐವತ್ತರ ಮೇಲೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮಗ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾನೆ. ಮೂರು ವರ್ಷ ಆಯಿತು. ತಂದೆಯ ದೂರು ಒಂದೇ: "ದಿನಾ ಫೋನ್ ಮಾಡ್ತೀನ್ರಿ ಮೇಡಂ, ಅಂವಾ ಬಾಯಿನ ಬಿಡೂದಿಲ್ಲ."

ಹಿಂದಿನ ರಾತ್ರಿ ಏನು ಮಾತಾಡಿದಿರಿ, ಇದ್ದ ಹಾಗೇ ಹೇಳಿ ಅಂದೆ.

"ಊಟ ಆತೇನು?" ಹ್ಞೂಂ. "ಕ್ಲಾಸಿಗೆ ಹೋಗಿದ್ದೇನು?" ಹ್ಞೂಂ. "ರೊಕ್ಕ ಬೇಕೇನು?" ಬ್ಯಾಡ. ಮಾತು ಅಲ್ಲಿಗೇ ಮುಗಿದಿತ್ತು.

'ಏನು' ಮಾತಿನ ಬಾಲಕ್ಕೆ ಬಂದರೆ ಹೌದು-ಇಲ್ಲ ಅಂದು ಜಾರಿಕೊಳ್ಳಬಹುದು. ತಲೆಗೆ ಬಂದರೆ ಏನಾದರೂ ಹೇಳಲೇಬೇಕು. "ಊಟ ಆತೇನು" ಬೇರೆ, "ಏನು ಊಟ ಮಾಡಿದಿ" ಬೇರೆ. ನಾವು ಓದಿದ್ದು ಮುಚ್ಚಿದ ಪ್ರಶ್ನೆ, ತೆರೆದ ಪ್ರಶ್ನೆ ಅಂತ. ಅವರಿಗೆ ಬಾಲ-ತಲೆ ಲೆಕ್ಕವೇ ಬೇಗ ತಿಳಿಯಿತು. "ಯಾಕ" ಮಾತ್ರ ಸದ್ಯಕ್ಕೆ ಬೇಡ ಅಂದೆ. "ಯಾಕ ಪಾಸಾಗಲಿಲ್ಲ?" ಅಂದರೆ ಹುಡುಗ ಕಟಕಟೆ ಹತ್ತಿದ ಹಾಗೆ, ಅಲ್ವಾ?

ಸುಮ್ಮನಿರೋದು ಕಲಿಸುವುದು ಇನ್ನೂ ಕಷ್ಟ. ಹಾಗಾಗಿ ಅಂಗಡಿಯ ಮಾತು ತೆಗೆದೆ. ಗಿರಾಕಿ ಸೆರಗು ಬಿಚ್ಚಿ ನೋಡುವಾಗ ಏನು ಮಾಡ್ತೀರಿ?

"ಸುಮ್ನ ಕುಂದ್ರತೀನ್ರಿ. ನಡುವ ಮಾತಾಡಿದ್ರ ಎದ್ದು ಹೋಗ್ತಾರ."

"ಮಗನ ಜೊತೆ?"

ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಉತ್ತರ ಬರಲಿಲ್ಲ. ನಾನೂ ಸುಮ್ಮನಿದ್ದೆ.

ನಾನು ಹೇಳಿದ್ದು ಇಷ್ಟೇ. ಒಂದು ಫೋನಿಗೆ ಒಂದೇ ಪ್ರಶ್ನೆ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ಅವನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, ಸರಿ ಕೇಳಿಸಿಕೊಂಡೆನಾ ಅಂತ ಅವನನ್ನೇ ಕೇಳಿ. ಹೀಗೆ ಕೇಳಿಸಿಕೊಳ್ಳುವ ದಾರಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, ರಿಚರ್ಡ್ ಫಾರ್ಸನ್ ಜೊತೆ ಸೇರಿ 1957ರಲ್ಲೇ ಬರೆದಿಟ್ಟಿದ್ದಾರೆ. ಬುದ್ಧಿಮಾತು ಆಮೇಲೆ, ಅದೂ ಅವನು ಕೇಳಿದರೆ.

ಹದಿನೈದು ದಿನಕ್ಕೆ ಮತ್ತೆ ಬಂದರು. "ಇವತ್ತು ಯಾರ ಜೋಡಿ ಉಂಡಿ?" ಅಂತ ಕೇಳಿದ್ದರಂತೆ. ಹತ್ತು ಎಣಿಸುವಷ್ಟರಲ್ಲಿ ಮಗ "ಒಬ್ಬಾಂವನ" ಅಂದ. ರೂಮಿನ ಗೆಳೆಯನಿಗೆ ನೌಕರಿಯಾಗಿ ಹೋಗಿ ತಿಂಗಳಾಗಿತ್ತು. ಪೂರ್ತಿ ಬಾಡಿಗೆ ಇವನ ಮೇಲೇ ಬಿದ್ದಿತ್ತು. ರೊಕ್ಕ ಕೇಳಲು ನಾಚಿಕೆ.

"'ಅವನಂಗ ನೀನೂ ಓದಬೇಕಿತ್ತು' ಅಂತ ಎರಡು ಸಲ ಬಾಯಿಗೆ ಬಂತ್ರಿ. ನುಂಗಿದೆ."

"ಮೂರನೇ ಸಲ?"

"ಅಂದುಬಿಟ್ಟೆ."

ಮಗ ಸಿಟ್ಟಾದನಂತೆ. ಆದರೆ ಫೋನ್ ಇಡಲಿಲ್ಲ.